ಮೊದಲು ಬಿಸಿಲಿನ ತಾಸು ಎಣಿಸಿ, ಆಮೇಲೆ ಬೀಜ ಹಾಕಿ



ನಾಸಿಕದ ಸಾತಪೂರ, ಅಂಬಡ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾ ಕಡೆ ಕೆಲಸಕ್ಕೆಂದು ಬಂದ ನಮ್ಮ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಸಾಮಾನ್ಯ. ಊರಲ್ಲಿ ಹಿತ್ತಲಿಗೆ ಬೀಜ ಚೆಲ್ಲಿದರೆ ಪುಂಡಿಪಲ್ಲೆ ಏಳುತ್ತಿತ್ತು, ಇಲ್ಲಿ ಎಷ್ಟು ಗೊಬ್ಬರ ಹಾಕಿದರೂ ಗಿಡ ಸೊರಗುತ್ತದೆ ಅಂತ. ಮಣ್ಣನ್ನು ಬೈಯುವ ಮೊದಲು ಬಿಸಿಲನ್ನು ನೋಡಿ. ಹಲವು ಸಲ ಕೊರತೆ ಇರುವುದು ಅಲ್ಲೇ.

ಇದು ಬರೀ ತೋಟದ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ತಿನ್ನಿ ಅನ್ನುತ್ತಾರೆ ಪೋಷಣಾ ತಜ್ಞರು. ಬಾಡಿಗೆ, ಫೀಸು ಕಟ್ಟಿ ಉಳಿದ ದುಡ್ಡಿನಲ್ಲಿ ದಿನಾ ಸೊಪ್ಪು ಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ನಾಲ್ಕು ಕುಂಡ ನೂರು ಗ್ರಾಂ ಕೊಡಲಿಕ್ಕಿಲ್ಲ, ಆದರೆ ವಾರಕ್ಕೆರಡು ಸಲ ಪಲ್ಲೆಗೆ, ಸಾರಿಗೆ ಆದೀತು.

ಈಗ ಬಿಸಿಲಿನ ಲೆಕ್ಕ. ಊರಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ನಾವು ಉತ್ತರಕ್ಕೆ ಬಂದಿದ್ದೇವೆ, ಹಾಗಾಗಿ ಚಳಿಗಾಲದಲ್ಲಿ ಸೂರ್ಯ ಇಲ್ಲಿ ಇನ್ನೂ ಕೆಳಗೆ, ದಕ್ಷಿಣದ ಕಡೆ ವಾಲಿಕೊಂಡು ಹೋಗುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ನಾಸಿಕದಲ್ಲಿ ನಡುಮಧ್ಯಾಹ್ನ 10 ಅಡಿ ಗೋಡೆಯ ನೆರಳು ಉತ್ತರಕ್ಕೆ ಒಂಬತ್ತೂವರೆ ಅಡಿ ಬೀಳುತ್ತದೆ. ಅದೇ ಗೋಡೆ ಬೆಂಗಳೂರಿನಲ್ಲಿದ್ದರೆ ಏಳೂವರೆ ಅಡಿ. ರೋ ಹೌಸ್‌ಗಳ ನಡುವಿನ ಸಣ್ಣ ಹಿತ್ತಲು ಉತ್ತರಕ್ಕಿದ್ದರೆ ಚಳಿಗಾಲವಿಡೀ ಅಲ್ಲಿ ನೇರ ಬಿಸಿಲೇ ಬೀಳದೆ ಇರಬಹುದು.

ಬೇಸಿಗೆಯಲ್ಲಿ ತಿರುವುಮುರುವು. ಮೇ 20ರ ಸುಮಾರಿಗೆ ನಾಸಿಕ, ಸಂಭಾಜಿನಗರ ಎರಡರಲ್ಲೂ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಅಲ್ಲಿಂದ ಜುಲೈ ಕೊನೆಯ ವಾರದ ತನಕ ಆತ ಮಧ್ಯಾಹ್ನವೂ ತುಸು ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಡಿಸೆಂಬರದಲ್ಲಿ ತಂಪಾಗಿದ್ದ ಉತ್ತರದ ಗ್ಯಾಲರಿಯಲ್ಲೇ ಮೇ ತಿಂಗಳಲ್ಲಿ ಎಲೆ ಸುಡುತ್ತದೆ.

ಅಳೆಯುವುದು ಸುಲಭ. ಒಂದು ರವಿವಾರ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ತಾಸಿಗೊಮ್ಮೆ ಕುಂಡ ಇಡುವ ಜಾಗದಲ್ಲಿ ಕೈ ಚಾಚಿ. ಕೈಯ ನೆರಳು ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿ ಬಿದ್ದರೆ ಒಂದು ಗೀಟು ಹಾಕಿ. ಮಸುಕಾಗಿದ್ದರೆ ಹಾಕಬೇಡಿ, ಅದು ಬರೀ ಬೆಳಕು. ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೀಗೆ ಮಾಡಿದರೆ ವರ್ಷದ ಲೆಕ್ಕ ಸಿಕ್ಕಂತೆ.

ಆರು ತಾಸು ಮೀರಿದರೆ ಕಾಯಿ ಕೊಡುವ ಗಿಡ ಹಾಕಿ: ಮೆಣಸಿನಕಾಯಿ, ಬದನೆ, ಟೊಮೆಟೊ, ಬೆಂಡೆ. ಕಾಯಿ ಕಟ್ಟಲು ಗಿಡಕ್ಕೆ ಬಹಳ ಶಕ್ತಿ ಬೇಕು, ಅದು ಬರುವುದು ಬಿಸಿಲಿನಿಂದಲೇ. ನಾಸಿಕದ ದ್ರಾಕ್ಷಿ ಬೆಳೆಗಾರರನ್ನು ಕೇಳಿ. ಏಪ್ರಿಲ್ ಚಾಟಣಿಯ ನಂತರ ಬರುವ ಕಡ್ಡಿಯ ಮೊಗ್ಗಿಗೆ ಬೆಳಕು ಸಾಲದಿದ್ದರೆ ಮುಂದೆ ಗೊಂಚಲು ಕಡಿಮೆ ಎಂದು ಅವರಿಗೆ ಗೊತ್ತು. ನುಗ್ಗೆ, ಕರಿಬೇವು, ಪುಂಡಿ (ಇಲ್ಲಿನ ಅಂಬಾಡಿ), ರಾಜಗಿರಿ ಕೂಡ ಬಿಸಿಲಿನ ಮಕ್ಕಳು. ತುಳಸಿಯೂ ಅಷ್ಟೇ. ಫ್ಲ್ಯಾಟಿನ ಬಾಗಿಲ ಪಕ್ಕದ ಕತ್ತಲಲ್ಲಿ ಇಟ್ಟು ದಿನಾ ಪೂಜಿಸಿದರೂ ಅದು ಬಾಡುವುದು ಇದೇ ಕಾರಣಕ್ಕೆ.

ಮೂರರಿಂದ ಆರು ತಾಸು ಸಿಕ್ಕರೂ ನಿರಾಶೆ ಬೇಡ. ಎಲೆ ತಿನ್ನುವ ಗಿಡಕ್ಕೆ ಅಷ್ಟು ಸಾಕು. ಮೆಂತ್ಯ, ಪಾಲಕ್, ಕೊತ್ತಂಬರಿಯನ್ನು ಅಕ್ಟೋಬರದಿಂದ ಫೆಬ್ರವರಿಯೊಳಗೆ ಬಿತ್ತಿ. ನಾಸಿಕದ ಚಳಿ ಅವಕ್ಕೆ ಹೇಳಿಮಾಡಿಸಿದ್ದು. ಬಸಳೆ, ದೊಡ್ಡಪತ್ರೆ ಬೆಚ್ಚಗಿನ ತಿಂಗಳುಗಳಿಗೆ. ಸಂಭಾಜಿನಗರದಲ್ಲಿ 40 ಡಿಗ್ರಿ ದಾಟಿದಾಗ ಇವನ್ನೆಲ್ಲ ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವಕ್ಕೆ ಸರಿಸಿ, ಇಲ್ಲವೇ ಹಸಿರು ನೆಟ್ ಕಟ್ಟಿ. ಹಳೆಯ ಕಾಟನ್ ಸೀರೆಯೂ ನಡೆಯುತ್ತದೆ.

ಮೂರು ತಾಸಿಗಿಂತ ಕಡಿಮೆಯೇ? ಪುದೀನ, ಒಂದೆಲಗ, ವೀಳ್ಯದೆಲೆ ಹಚ್ಚಿ. ಅಲ್ಲಿ ಟೊಮೆಟೊ ಹಾಕಿದರೆ ಗಿಡ ಬೆಳಕು ಹುಡುಕುತ್ತ ಉದ್ದವಾಗಿ ತೆಳ್ಳಗೆ ಏಳುತ್ತದೆ, ಹೂ ಉದುರುತ್ತದೆ, ಹುಳ ಹತ್ತುತ್ತದೆ. ಆಮೇಲೆ ಔಷಧ ಸಿಂಪಡಿಸಿ ತಿನ್ನುವುದಾದರೆ ಮನೆಯಲ್ಲಿ ಬೆಳೆದು ಏನು ಬಂತು? ನೆರಳಿಗೆಂದು ಮಾರುವ ಮನಿ ಪ್ಲಾಂಟ್, ಡಿಫೆನ್‌ಬೇಕಿಯಾ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ನೆಲದ ಮೇಲೆ ಬೇಡ. ಎಲೆ ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಸಂಭಾಜಿನಗರದ ಎಷ್ಟೋ ಬಡಾವಣೆಗಳಲ್ಲಿ ನಳ ಬರುವುದು ಹಲವು ದಿನಕ್ಕೊಮ್ಮೆ, ಡ್ರಮ್ ತುಂಬಿಡಲೇಬೇಕು. ಡೆಂಗ್ಯೂ ಸೊಳ್ಳೆ ಬೆಳೆಯುವುದು ಇಂಥ ಸ್ವಚ್ಛ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟಿ. ಕುಂಡದ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ ತಿಕ್ಕಿ ಒಣಗಿಸಿ, ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಗಿಡಕ್ಕೆ ಹಾಕಿ. ಸಾಬೂನಿನ ನೀರು ಸೊಪ್ಪಿಗೆ ಬೇಡ.

ಸೊಪ್ಪನ್ನು ಅಡುಗೆಗೆ ಸ್ವಲ್ಪ ಮುಂಚೆ ಕೊಯ್ದು, ತೊಳೆದ ಮೇಲೆ ಹೆಚ್ಚಿ. ತಟ್ಟೆಗೆ ಬಡಿಸಿದ ಮೇಲೆ ನಿಂಬೆ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ತಪ್ಪುತ್ತದೆ, ಒಂದು ತಾಸು ಬಿಡಿ. ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಸೊಪ್ಪು ತಿನ್ನುತ್ತೇನೆಂದು ನಿಲ್ಲಿಸಬೇಡಿ. ಕಿಡ್ನಿ ಕಲ್ಲು ಆದವರು ಪಾಲಕ್, ರಾಜಗಿರಿ ಎಷ್ಟು ತಿನ್ನಬಹುದು ಎಂದು ಅವರನ್ನೇ ಕೇಳಿ. ಅಂಥವರ ಮನೆಯ ಕುಂಡಕ್ಕೆ ಮೆಂತ್ಯ ಒಳ್ಳೆಯದು.