ಮಾಸ್ಕ್ ಹಾಕಿದರೆ ಸಾಲದು, ಸೋರಬಾರದು

ಕೊರೊನಾ ಮುಗಿಯಿತೆಂದು ಊರು ತೀರ್ಮಾನಿಸಿ ವರ್ಷಗಳಾದವು. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ವೈರಸ್ ಮಾತ್ರ ಎಲ್ಲೂ ಹೋಗಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಜೆಎನ್.1 ರೂಪಾಂತರಿ ಬಂದಾಗ, 60 ದಾಟಿದವರು ಮಾಸ್ಕ್ ಹಾಕಿಕೊಳ್ಳಿ ಎಂದು ರಾಜ್ಯ ಸರ್ಕಾರವೇ ಹೇಳಿತು. 2025ರ ಮೇ–ಜೂನ್‌ನಲ್ಲಿ ಪ್ರಕರಣಗಳು ಮತ್ತೆ ಏರಿದವು. ಕಿಡ್ನಿ ಕಸಿ ಮಾಡಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಕಿಮೋಗೆಂದು ಓಡಾಡುವವರು ಮತ್ತು ಅವರ ಜೊತೆ ಒಂದೇ ಸೂರಿನಡಿ ಇರುವವರಿಗಾಗಿ ಈ ಲೇಖನ.

‘ಎರಡು ಡೋಸ್ ಆಗೇದ್ರಿ’ ಎನ್ನುವವರು 2021ರ ನವೆಂಬರ್ ನೆನಪಿಸಿಕೊಳ್ಳಲಿ. ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ನಂತರ ಮೊದಲು 66, ಕೆಲವೇ ದಿನಗಳಲ್ಲಿ 281 ಮಂದಿಗೆ ಸೋಂಕು ಖಚಿತವಾಯಿತು. ಬಹುತೇಕರು ಎರಡೂ ಡೋಸ್ ಪಡೆದಿದ್ದರು. ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ, ಇದ್ದರೂ ಸೌಮ್ಯ. ಲಸಿಕೆ ಕಾಯಿಲೆಯ ಹೊಡೆತ ತಗ್ಗಿಸುತ್ತದೆ. ಹರಡುವುದನ್ನು ತಡೆಯುತ್ತದೆಂಬ ಭರವಸೆ ಇಲ್ಲ.

ಈಗಲೂ ಕಾಳಜಿಯಿಂದಿರುವ ಎಷ್ಟೋ ಮನೆಗಳಲ್ಲಿ ತರಕಾರಿ ತೊಳೆಯುತ್ತಾರೆ, ಕೈಗೆ ಸ್ಯಾನಿಟೈಸರ್ ಹಚ್ಚುತ್ತಾರೆ, ಬಳಿಕ ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ಜನರ ನಡುವೆ ಕೂರುತ್ತಾರೆ. ಕೈ ತೊಳೆಯುವುದು ಒಳ್ಳೆಯದೇ. ಆದರೆ ಈ ವೈರಸ್ ಮುಖ್ಯವಾಗಿ ಬರುವುದು ಉಸಿರಿನ ಗಾಳಿಯಿಂದ. ಊದುಬತ್ತಿಯ ಹೊಗೆಯಂತೆ ಕೋಣೆಯ ತುಂಬ ಹಬ್ಬಿ ನಿಲ್ಲುತ್ತದೆ.

ಹಾಗಾಗಿ ಮೊದಲು ಮಾಸ್ಕ್. ಕೊಳ್ಳುವಾಗ ಎನ್95 ಅಥವಾ ಎಫ್‌ಎಫ್‌ಪಿ2 ಎಂದಿರಬೇಕು. ನಮ್ಮ ದೇಶದ ಮಾನಕವಾದರೆ ‘ಐಎಸ್ 9473’ ಎಂಬ ಅಚ್ಚು ನೋಡಿ. ಕವಾಟ ಇರುವುದು ಬೇಡ, ನೀವು ಬಿಟ್ಟ ಉಸಿರು ಅದರಿಂದ ಸೋಸದೆ ಹೊರಬೀಳುತ್ತದೆ. ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈನಲ್ಲೇ ಇದರ ಬಗ್ಗೆ ರಾಜ್ಯಗಳಿಗೆ ಪತ್ರ ಬರೆದಿತ್ತು. ಅಂಗಡಿಗಳಲ್ಲಿ ಇಂದಿಗೂ ಕವಾಟದ್ದನ್ನೇ ‘ಭಾರಿ ಐತ್ರಿ, ಉಸುರಾಡಾಕ ಚಲೋ’ ಎಂದು ಕೊಡುತ್ತಾರೆ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಹಾಯುವುದೇ ಉತ್ತಮ.

ಇನ್ನು ನಾನು ಪದೇ ಪದೇ ಕಾಣುವ ತಪ್ಪು. ಮೂಗಿನ ಮೇಲಿನ ತಂತಿಯನ್ನು ಒಂದೇ ಕೈಯ ಎರಡು ಬೆರಳಿನಿಂದ ಚಿವುಟುತ್ತಾರೆ. ತಂತಿ ನಡುವೆ ಚೂಪಾಗಿ ಮಡಚುತ್ತದೆ, ಮೂಗಿನ ಎರಡೂ ಬದಿಗೆ ಸಂದು ಉಳಿಯುತ್ತದೆ. ಎರಡೂ ಕೈಯ ತೋರುಬೆರಳನ್ನು ಮೂಗಿನ ನಡುವೆ ಇಟ್ಟು, ಒತ್ತುತ್ತಾ ಕೆನ್ನೆಯ ಕಡೆಗೆ ಎಳೆಯಿರಿ. ಆಮೇಲೆ ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಸುಕಾದರೆ ಮೇಲ್ಗಡೆ ಸೋರುತ್ತಿದೆ ಎಂದೇ ಅರ್ಥ. ಕನ್ನಡಕದವರು ಈ ಸುಳಿವನ್ನು ತೊಂದರೆಯೆಂದು ತಿಳಿದು ಮಾಸ್ಕನ್ನೇ ಮೂಗಿನ ಕೆಳಗೆ ಎಳೆದುಕೊಳ್ಳುತ್ತಾರೆ! ತಂತಿಯನ್ನು ಮತ್ತೆ ಒತ್ತಿ, ಕನ್ನಡಕವನ್ನು ಮಾಸ್ಕಿನ ಅಂಚಿನ ಮೇಲೆ ಕೂರಿಸಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕುತ್ತಿಗೆಗೆ. ತುರುಬು ಕಟ್ಟುವವರು ಮೇಲಿನ ಪಟ್ಟಿಯನ್ನು ತುರುಬಿನ ಮೇಲೆ ಹಾಯಿಸಬೇಕು, ಕೆಳಗೆ ಹಾಯಿಸಿದರೆ ಜಾರುತ್ತದೆ. ಸೆರಗು ಹೊದೆಯುವ ತಾಯಂದಿರು ಪಟ್ಟಿಯನ್ನು ಸೆರಗಿನ ಒಳಗೇ ಹಾಕಿಕೊಳ್ಳಲಿ. ಗಡ್ಡವಿದ್ದರೆ ಎಷ್ಟು ಬೆಲೆಯ ಮಾಸ್ಕೂ ಸೋರುತ್ತದೆ. ಗಡ್ಡವೋ ಮಾಸ್ಕೋ ಎಂದು ನೀವೇ ತೀರ್ಮಾನಿಸಿ. ಮಾಸ್ಕ್ ತೊಳೆಯಬೇಡಿ. ಕಾಗದದ ಚೀಲದಲ್ಲಿಟ್ಟು ನೇತುಹಾಕಿ, ನಾಲ್ಕೈದನ್ನು ಸರದಿಯಂತೆ ಬಳಸಿ, ಪಟ್ಟಿ ಸಡಿಲವಾದರೆ ಎಸೆಯಿರಿ.

ಹುಬ್ಬಳ್ಳಿ–ಧಾರವಾಡದ ನಡುವೆ ದಿನವೂ ಓಡಾಡುವವರನ್ನು ಬಿಆರ್‌ಟಿಎಸ್‌ನ ‘ಚಿಗರಿ’ ಬಸ್ ಬೇಗ ತಲುಪಿಸುತ್ತದೆ, ತಂಪೂ ಹೌದು. ಆದರೆ ಎಸಿ ಬಸ್ಸಿನ ಕಿಟಕಿ ತೆರೆಯಲಾಗದು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ಆಸುಪಾಸು ಇರುತ್ತದೆ. ಜನ ತುಂಬಿದ ಮುಚ್ಚಿದ ಜಾಗದಲ್ಲಿ ಇದು 1,500 ದಾಟಿತೆಂದರೆ ನೀವು ಇತರರು ಬಿಟ್ಟ ಉಸಿರನ್ನೇ ಸಾಕಷ್ಟು ಎಳೆದುಕೊಳ್ಳುತ್ತಿದ್ದೀರಿ. ನನ್ನ ಮಟ್ಟಿಗೆ ತಡವಾದರೂ ಕಿಟಕಿ ತೆರೆದ ಸಾದಾ ಬಸ್ಸೇ ಸರಿ. ಚಿಗರಿಯೇ ಬೇಕೆಂದರೆ ಗದ್ದಲವಿಲ್ಲದ ಹೊತ್ತು ನೋಡಿ ಹತ್ತಿ, ನಿಲ್ದಾಣದಲ್ಲೇ ಮಾಸ್ಕ್ ಹಾಕಿ, ಇಳಿಯುವ ತನಕ ತೆಗೆಯಬೇಡಿ. ಫೋನ್ ಬಂತೆಂದು ಗದ್ದಕ್ಕೆ ಇಳಿಸಿದರೆ ಅಷ್ಟೂ ಹೊತ್ತು ಹಾಕಿದ್ದು ದಂಡ.

ಚಹಾ, ಹರಟೆ ಬಿಡಬೇಕಿಲ್ಲ, ಜಾಗ ಬದಲಿಸಿದರೆ ಸಾಕು. ಕ್ಯಾಂಟೀನಿನ ಒಳಗೆ ಕೂರುವ ಬದಲು ಬಂಡಿಯ ಮುಂದೆ ನಿಂತು ಕುಡಿಯಿರಿ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ವಿಶ್ವವಿದ್ಯಾಲಯದ ಆವರಣ ನಮಗಿವೆ. ಮದುವೆಗೆ ಹೋಗಿ, ಅಕ್ಷತೆ ಹಾಕಿ, ಬಾಗಿಲ ಹತ್ತಿರ ಕುಳಿತು ಬನ್ನಿ. ಎಸಿ ಹಾಲ್‌ನ ಪಂಕ್ತಿ ಊಟಕ್ಕೆ ಮಾತ್ರ ಬೇಡ ಎನ್ನುತ್ತೇನೆ. ಎಲ್ಲರೂ ಮಾಸ್ಕ್ ತೆಗೆದು, ಒತ್ತಾಗಿ ಕುಳಿತು, ಜೋರಾಗಿ ಮಾತಾಡುವ ಜಾಗ ಅದು. ‘ಯಾಕ್ರೀ, ಇನ್ನೂ ಮಾಸ್ಕ್ ಬಿಟ್ಟಿಲ್ಲೇನು?’ ಎಂದು ಕೇಳಿದರೆ ವೈರಾಣು ವಿಜ್ಞಾನ ಹೇಳಲು ಹೋಗಬೇಡಿ. ‘ಮನ್ಯಾಗ ಅವ್ವಗ ಆರಾಮಿಲ್ರಿ’ ಎಂದರೆ ಎರಡನೇ ಪ್ರಶ್ನೆ ಬರುವುದಿಲ್ಲ.

ಮನೆಯಲ್ಲಿ ಎದುರುಬದುರು ಕಿಟಕಿ ತೆರೆದಿಡಿ. ಸೀಲಿಂಗ್ ಫ್ಯಾನ್ ಇದ್ದ ಗಾಳಿಯನ್ನೇ ತಿರುವುತ್ತದೆ, ಹೊಸ ಗಾಳಿ ತರುವುದಿಲ್ಲ. ಸಂಜೆಯಾದೊಡನೆ ಸೊಳ್ಳೆಗೆ ಹೆದರಿ ಕಿಟಕಿ ಹಾಕುವವರು ಜಾಳಿಗೆ ಹಾಕಿಸಿ. ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಲೆಕ್ಕ ಸರಳ: ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆ ಸುಮಾರು 28 ಘನ ಮೀಟರ್, ಗಂಟೆಗೆ ಐದು ಬಾರಿ ಗಾಳಿ ಸೋಸಲು ಸಿಎಡಿಆರ್ (ಯಂತ್ರ ಕೊಡುವ ಶುದ್ಧ ಗಾಳಿಯ ಪ್ರಮಾಣ) ಗಂಟೆಗೆ 140 ಘನ ಮೀಟರ್ ಬೇಕು. ಆದರೆ ಆ ಅಂಕಿ ಪೂರ್ಣ ವೇಗದ್ದು. ಸದ್ದಿಗೆ ಬೇಸತ್ತು ವೇಗ ತಗ್ಗಿಸುತ್ತೀರಿ, ಆದ್ದರಿಂದ 250ರದ್ದನ್ನೇ ತನ್ನಿ.

ಗಂಟಲು ಕೆರೆದರೆ, ಜ್ವರ ಬಂದರೆ ಬೇರೆ ಕೋಣೆಯಲ್ಲಿ ಮಲಗಿ, ಮನೆಯಲ್ಲೇ ರ‍್ಯಾಪಿಡ್ ಕಿಟ್ ಪರೀಕ್ಷೆ ಮಾಡಿ. ನೆಗೆಟಿವ್ ಬಂದರೂ 48 ಗಂಟೆ ಬಿಟ್ಟು ಇನ್ನೊಮ್ಮೆ. ಪಾಸಿಟಿವ್ ಆದರೆ, ಅಪಾಯದ ಗುಂಪಿನವರು ಅಂದೇ ವೈದ್ಯರಿಗೆ ಹೇಳಿ; ವೈರಸ್ ನಿರೋಧಕ ಗುಳಿಗೆ ಲಕ್ಷಣ ಕಂಡ ಐದು ದಿನದೊಳಗೆ ಶುರುವಾಗಬೇಕು. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಕಾಯದೆ ಆಸ್ಪತ್ರೆಗೆ. ಕಪಾಟಿನಲ್ಲಿ ಹಳೆಯ ಕಿಟ್ ಉಳಿದಿದ್ದರೆ, ಮೊದಲು ಅದರ ಅವಧಿ ಮುಗಿದಿದೆಯೇ ನೋಡಿ.