ಎರಡು ಶಾಕಪ್‌ಗಳ ಲೆಕ್ಕ

ಕನಮಡಿಯಲ್ಲಿರುವ ನಮ್ಮ ಮನೆಯ ಅಂಗಳದ ಬೇವಿನ ನೆರಳಿನಲ್ಲಿ 1986ರಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಕಾರೊಂದು ನಿಂತಿದೆ. ದ್ರಾಕ್ಷಿಯ ಬೆಳೆ ಕೈಹಿಡಿದ ಒಂದು ವರ್ಷ, 1996ರಲ್ಲಿ, ತೀರ್ಥರೂಪರು ಅದನ್ನು ಸೊಲ್ಲಾಪುರದಲ್ಲಿ ಕೊಂಡು ತಂದರು; ಅವರು ತೀರಿಕೊಂಡ ತರುವಾಯ ಗಾಡಿಯೂ, ಗಾಡಿಯ ಖರ್ಚನ್ನು ಬರೆದಿಡುತ್ತಿದ್ದ ಕೆಂಪು ರಟ್ಟಿನ ಕಿರ್ದಿ ಪುಸ್ತಕವೂ ನನ್ನ ಪಾಲಿಗೆ ಬಂದವು. ಶಾಲೆಯ ನೌಕರಿಯಿಂದ ನಿವೃತ್ತನಾದ ನನಗೆ ನಿವೃತ್ತಿವೇತನವೊಂದೇ ನಿಶ್ಚಿತವಾದ ಆದಾಯ. ತೋಟದ ಆದಾಯವು ಮಳೆಯನ್ನೂ ಪೇಟೆಯನ್ನೂ ಅವಲಂಬಿಸಿದುದು. ಆದುದರಿಂದ ಹಳೆಯ ಕಾರನ್ನು ಇಟ್ಟುಕೊಳ್ಳುವುದು ಪ್ರೀತಿಯ ಮಾತಾಗಿರುವಷ್ಟೇ ಲೆಕ್ಕದ ಮಾತೂ ಆಗಿದೆ. ಆ ಲೆಕ್ಕದಲ್ಲಿ ಶಾಕಪ್ ಬದಲಿಸಿದ ಪುಟವೊಂದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಬಿಜ್ಜರಗಿಯ ಮೇಲಿಂದ ಟಿಕೋಟಾಕ್ಕೆ ಹೋಗುವಾಗ, ತಗ್ಗೊಂದನ್ನು ದಾಟಿದ ಮೇಲೆ ಕಾರಿನ ಹಿಂಭಾಗವು ಎರಡು ಮೂರು ಸಲ ಏಳುತ್ತ ಬೀಳುತ್ತ ಸಾಗುವುದನ್ನು ನಾನು ಮೊದಲು ಗಮನಿಸಿ ಒಂದು ವರ್ಷವೇ ಆಗಿತ್ತು. ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದ ಮನೆಯವರು ಸೊಂಟ ನೋಯುತ್ತದೆಂದು ಎರಡು ಬಾರಿ ಹೇಳಿದ್ದರು. ರಸ್ತೆ ಕೆಟ್ಟಿದೆಯೆಂದು ನಾನು ಸಮಾಧಾನ ಹೇಳಿದ್ದೆನು. ಪ್ರತಿ ಅಮಾವಾಸ್ಯೆಗೂ ಕಾರನ್ನು ತೊಳೆದು, ಗಾಲಿಗಳ ಅಡಿ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು ಪೂಜೆ ಮಾಡುತ್ತಿದ್ದೆವು. ಹಾಗೆ ಹನ್ನೆರಡು ಅಮಾವಾಸ್ಯೆಗಳು ಕಳೆದವು. ಒಮ್ಮೆಯೂ ಬಗ್ಗಿ ಕೆಳಗೆ ನೋಡಲಿಲ್ಲ.

ವಿಜಯಪುರದ ಟಾಂಗಾದಲ್ಲಿ ಕುಳಿತು ಗೋಳಗುಮ್ಮಟದ ಕಡೆಗೆ ಒಮ್ಮೆಯಾದರೂ ಹೋದವರಿಗೆ ಈ ದೋಷದ ಸ್ವರೂಪವನ್ನು ವಿವರಿಸುವುದು ಸುಲಭ. ಟಾಂಗಾದ ಭಾರವನ್ನು ಹೊರುವುದು ಅದರ ಪಾಟಾ, ಎಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ತಗ್ಗು ಬಂದರೆ ಅವು ಕುಗ್ಗಿ ಮತ್ತೆ ಹಿಗ್ಗುತ್ತವೆ, ಆದರೆ ಆ ತೂಗಾಟವನ್ನು ನಿಲ್ಲಿಸುವ ಉಪಾಯ ಅಲ್ಲಿಲ್ಲವಾದುದರಿಂದ ಕುಳಿತವರು ಕೆಲವು ಮಾರು ದೂರ ತೂಗುತ್ತಲೇ ಹೋಗಬೇಕಾಗುತ್ತದೆ. ಪದ್ಮಿನಿಯ ಹಿಂದಿನ ಗಾಲಿಗಳಿಗೂ ಇರುವುದು ಅದೇ ಜಾತಿಯ ಪಾಟಾ. ಅದರ ಮಗ್ಗುಲಿಗೆ ನಿಂತು ತೂಗಾಟವನ್ನು ಶಮನಗೊಳಿಸುವುದಕ್ಕಾಗಿಯೇ ಶಾಕಪ್ ಇದೆ. ಈ ಮುಚ್ಚಿದ ಕೊಳವೆಯೊಳಗೆ ಎಣ್ಣೆಯಿದ್ದು, ಗಾಲಿ ಮೇಲೆ ಕೆಳಗೆ ಆಡಿದಂತೆಲ್ಲ ಆ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಬಲವಂತವಾಗಿ ಹಾಯಬೇಕಾಗಿ ಬರುವುದರಿಂದ ಚಲನೆಯ ಶಕ್ತಿಯು ಕಾವಾಗಿ ಆರಿಹೋಗುತ್ತದೆ. ಸೀಲು ಹರಿದು ಎಣ್ಣೆ ಸೋರಿತೆಂದರೆ, ನೋಡಲು ಶಾಕಪ್ ಇದ್ದರೂ ಕೆಲಸದಲ್ಲಿ ಇಲ್ಲವೆಂದೇ ತಿಳಿಯಬೇಕು. ಭಾರ ಹೊರುವುದು ಪಾಟಾ, ತೂಗಾಟ ತಡೆಯುವುದು ಶಾಕಪ್: ಈ ಭೇದವನ್ನು ಅರಿಯದವನು ಒಂದರ ರೋಗಕ್ಕೆ ಇನ್ನೊಂದರ ಔಷಧವನ್ನು ಕೊಳ್ಳುತ್ತಾನೆ.

ನಾನೂ ಕೊಳ್ಳುವವನಿದ್ದೆನು. ನಗರದ ಗ್ಯಾರೇಜೊಂದಕ್ಕೆ ಕಾರನ್ನು ಒಯ್ದಾಗ ಅಲ್ಲಿಯ ಮಿಸ್ತ್ರಿಯು ಬಾಗಿಲ ಬಳಿಯೇ ನಿಂತು, “ಮಾಸ್ತರ್ರ, ನಾಕೂ ಶಾಕಪ್ ಹೋಗ್ಯಾವ್ರೀ, ಪಾಟಾ ಸೈತ ಬಿಚ್ಚಿ ಸೆಟ್ ಮಾಡ್ಬೇಕ್ರೀ” ಎಂದು ಹೇಳಿ ಚೀಟಿಯ ಮೇಲೆ ಲೆಕ್ಕ ಬರೆದುಕೊಟ್ಟನು: ನಾಲ್ಕು ಶಾಕಪ್‌ಗೆ 4,800, ಎರಡೂ ಕಡೆಯ ಪಾಟಾಕ್ಕೆ 4,500, ಬುಷ್ ಮುಂತಾದವಕ್ಕೆ 1,500, ಕೂಲಿ 2,000, ಒಟ್ಟು 12,800 ರೂಪಾಯಿ. ಕಾರನ್ನು ಜಾಕಿನ ಮೇಲೆ ಏರಿಸದೆ, ಒಳಗೆ ಒಮ್ಮೆಯೂ ಕಣ್ಣು ಹಾಯಿಸದೆ ಬರೆದ ಲೆಕ್ಕವದು. ಆಲೋಚಿಸಿ ಬರುವೆನೆಂದು ಹೇಳಿ ಊರಿಗೆ ಮರಳಿದೆನು.

ಮರುದಿನ ಭಾನುವಾರ. ತಂಗಿಯ ಮಗನನ್ನು ಕರೆದುಕೊಂಡು ಅಂಗಳದಲ್ಲಿ ಪರೀಕ್ಷೆಗೆ ತೊಡಗಿದೆವು. ಕಾರಿನ ಒಂದೊಂದು ಮೂಲೆಯನ್ನೂ ಮೈಭಾರ ಹಾಕಿ ಒತ್ತಿ ಕೈ ಬಿಟ್ಟಾಗ, ಮುಂದಿನ ಎರಡು ಮೂಲೆಗಳು ಒಮ್ಮೆ ಎದ್ದು ಸುಮ್ಮನೆ ನಿಂತವು. ಹಿಂದಿನವು ಮಾತ್ರ ಮೂರು ನಾಲ್ಕು ಸಲ ತೂಗಿದವು. ಬ್ಯಾಟರಿ ಹಿಡಿದು ಕೆಳಗೆ ನೋಡಿದರೆ ಪಾಟಾದ ಪಟ್ಟಿಗಳಲ್ಲಿ ಒಂದೂ ಮುರಿದಿರಲಿಲ್ಲ, ಜಗ್ಗಿರಲಿಲ್ಲ; ಆದರೆ ಎರಡೂ ಹಿಂದಿನ ಶಾಕಪ್‌ಗಳ ಮೈಮೇಲೆ ಸೋರಿದ ಎಣ್ಣೆಗೆ ನಮ್ಮ ದಾರಿಯ ಧೂಳು ಕೂಡಿ, ಎರೆಮಣ್ಣಿನ ಕೆಸರಿನಂತೆ ಕಪ್ಪಗೆ, ಬೆರಳಿಗೆ ಅಂಟುವಷ್ಟು ಹಸಿಯಾಗಿ ಮೆತ್ತಿಕೊಂಡಿತ್ತು. ಅನಂತರ ಹಿಂದಿನ ಟೈರುಗಳ ಮೇಲೆ ಅಂಗೈ ಸವರಿದೆನು. ಕಣ್ಣಿಗೆ ನುಣ್ಣಗೆ ಕಾಣುತ್ತಿದ್ದ ಟೈರು, ಅಂಗೈಗೆ ಗೇಣಿಗೊಂದು ಉಬ್ಬು ಗೇಣಿಗೊಂದು ತಗ್ಗಾಗಿ ತಗುಲಿತು. ನೆಲದ ಮೇಲೆ ಸ್ಥಿರವಾಗಿ ಉರುಳಬೇಕಾದ ಗಾಲಿಯು ಒಂದು ವರ್ಷ ಕಾಲ ಪುಟಿಯುತ್ತ ಉರುಳಿದುದರ ಗುರುತದು.

ಇಂಥ ಕೆಲಸವನ್ನು ಮನೆಯಲ್ಲಿ ಮಾಡಬಹುದೇ ಎಂಬ ಪ್ರಶ್ನೆಗೆ ಪದ್ಮಿನಿಯ ಹಿಂಭಾಗದ ಮಟ್ಟಿಗೆ ಮಾಡಬಹುದೆಂದೇ ನನ್ನ ಉತ್ತರ. ಭಾರವೆಲ್ಲ ಪಾಟಾದ ಮೇಲಿರುವುದರಿಂದ ಶಾಕಪ್ ಕಳಚುವಾಗ ಯಾವ ಸ್ಪ್ರಿಂಗೂ ಸಿಡಿಯುವ ಭಯವಿಲ್ಲ. ಆದರೆ ಜಾಕೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ ಮೇಲೆಯೇ ನಾವು ಪಾನಾ ಹಿಡಿದೆವು. ಆ ಸ್ಟ್ಯಾಂಡುಗಳಿಗೆ ಕೊಟ್ಟ 1,500 ರೂಪಾಯಿಯಷ್ಟು ಸಾರ್ಥಕವಾದ ವೆಚ್ಚ ಆ ವರ್ಷದ ಕಿರ್ದಿಯಲ್ಲಿ ಬೇರೆಯಿಲ್ಲ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ನೆನೆಯಬಿಟ್ಟಿದ್ದೆವು. ಹಾಗಿದ್ದೂ ಎಡಗಡೆಯ ಕೆಳನಟ್ಟು ಮುಕ್ಕಾಲು ಗಂಟೆ ಕಾಡಿತು. ಹೊಸ ಶಾಕಪ್ ಕೂರಿಸುವ ಮೊದಲು ಅದನ್ನು ನೆಟ್ಟಗೆ ಹಿಡಿದು ಐದಾರು ಸಲ ಎಳೆದು ಒತ್ತಬೇಕು. ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿಯು ಹಾಗೆ ಹೊರಟುಹೋಗಿ ಕೈಗೆ ಒಂದೇ ಸಮನಾದ ಬಿಗಿ ತಿಳಿಯುತ್ತದೆ. ಬುಷ್‌ಗಳ ನಟ್ಟನ್ನು ಕೊನೆಯದಾಗಿ ಬಿಗಿಯುವುದು ಕಾರು ತನ್ನ ಗಾಲಿಗಳ ಮೇಲೆ ನಿಂತ ಮೇಲೆ. ಎತ್ತಿದ ಸ್ಥಿತಿಯಲ್ಲಿಯೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಒಂದು ಕಡೆಯದು ಮಾತ್ರ ಸೋರಿದ್ದರೂ ಜೋಡಿಯಾಗಿಯೇ ಬದಲಿಸತಕ್ಕದ್ದು.

ಈಗ ಲೆಕ್ಕ. ಎರಡು ಶಾಕಪ್‌ಗೆ 2,400, ಬುಷ್‌ಗಳಿಗೆ 300, ಎಣ್ಣೆಗೆ 200, ಸ್ಟ್ಯಾಂಡುಗಳಿಗೆ 1,500. ಒಟ್ಟು 4,400 ರೂಪಾಯಿ. ಗ್ಯಾರೇಜಿನ ಚೀಟಿಗೂ ಇದಕ್ಕೂ ಅಂತರ 8,400. ಸ್ವಂತ ಕೈಯಿಂದ ದುಡಿದುದರಿಂದ ಕೂಲಿ ಉಳಿಯಿತೆಂದು ನೆರೆಯವರು ಪ್ರಶಂಸಿಸಿದರು. ಆದರೆ ಕೂಲಿಯೆಂದು ಉಳಿದುದು ಕೇವಲ 2,000. ಮಿಕ್ಕುದೆಲ್ಲ, ಕೆಡದಿದ್ದ ಪಾಟಾವನ್ನು ಬಿಚ್ಚಿಸದೆ, ಸರಿಯಾಗಿದ್ದ ಮುಂದಿನ ಶಾಕಪ್‌ಗಳನ್ನು ಎಸೆಯದೆ ಉಳಿದ ಹಣ. ಅದು ಪಾನಾ ಹಿಡಿದ ಕೈಯ ಸಂಪಾದನೆಯಲ್ಲ, ಬಗ್ಗಿ ನೋಡಿದ ಕಣ್ಣಿನ ಸಂಪಾದನೆ. ಅರ್ಧ ಗಂಟೆ ಪರೀಕ್ಷಿಸಿ, ಅನಂತರ ಕೆಲಸವನ್ನು ಮಿಸ್ತ್ರಿಗೇ ಒಪ್ಪಿಸಿ ಪೂರ್ಣ ಕೂಲಿ ಕೊಟ್ಟಿದ್ದರೂ ನಾನು ಲಾಭದಲ್ಲಿಯೇ ಇರುತ್ತಿದ್ದೆನು.

ಆದರೆ ಕಿರ್ದಿಯ ಪುಟ ಅಲ್ಲಿಗೆ ಮುಗಿಯಲಿಲ್ಲ. ತಗ್ಗುಬಿದ್ದ ಆ ಎರಡು ಟೈರುಗಳನ್ನು ತಿಂಗಳೊಳಗೆ ಬದಲಿಸಬೇಕಾಗಿ ಬಂದು 6,800 ರೂಪಾಯಿ ಹೋಯಿತು. ಇನ್ನೂ ಬಹುಕಾಲ ಬಾಳಬಹುದಾಗಿದ್ದ ಟೈರುಗಳವು. ವರ್ಷದ ಹಿಂದೆಯೇ 2,400 ರೂಪಾಯಿ ವ್ಯಯಿಸಿದ್ದರೆ ಈ 6,800 ಉಳಿಯುತ್ತಿತ್ತು. ವ್ಯಯಿಸದೆ ಉಳಿಸಿದೆನೆಂದು ಭಾವಿಸಿದ ಅವಧಿಯಲ್ಲಿ ನಾನು ಪ್ರತಿ ತಿಂಗಳೂ ಐನೂರಕ್ಕಿಂತ ಹೆಚ್ಚು ರೂಪಾಯಿಗಳನ್ನು ರಸ್ತೆಯ ಮೇಲೆ ಉಜ್ಜಿಬಂದಿದ್ದೆನು. ಅಗ್ಗದ ಭಾಗವು ಕೆಟ್ಟು ದುಬಾರಿಯ ಭಾಗವನ್ನು ತಿನ್ನುವ ಈ ರೀತಿಯು ಕಾರಿಗಷ್ಟೇ ಸಲ್ಲುವುದೆಂದು ಯಾರೂ ತಿಳಿಯಬಾರದು. ಹನಿ ನೀರಾವರಿಯ ಫಿಲ್ಟರು ಕಟ್ಟಿಕೊಂಡಾಗ ದ್ರಾಕ್ಷಿಯ ಬಳ್ಳಿಗೆ ಏನಾಗುತ್ತದೆಂಬುದನ್ನು ನಮ್ಮ ಭಾಗದ ಪ್ರತಿಯೊಬ್ಬ ರೈತನೂ ಬಲ್ಲನು.

ಮನೆಯ ಕೆಲಸಕ್ಕೆ ಒಂದು ಗಡಿಯೂ ಉಂಟು. ತಂಗಿಯ ಮಗನ ಬಳಿ ಹಳೆಯ ಮಾರುತಿ 800 ಇದೆ. ಪದ್ಮಿನಿಯ ಕೆಲಸ ಮುಗಿದ ಉತ್ಸಾಹದಲ್ಲಿ ಅವನು, “ಮಾಮಾ, ಇದರ ಮುಂದಿನ ಸ್ಟ್ರಟ್ಟೂ ನಾವಽ ಬಿಚ್ಚೂಣೇನು?” ಎಂದನು. 1983ರ ಡಿಸೆಂಬರ್ 14ರಂದು ಮೊದಲು ಜನರ ಕೈಗೆ ಬಂದ ಆ ಕಾರಿನಲ್ಲಿ ಮುಂದಿನ ಶಾಕಪ್ಪೂ ಸುರುಳಿ ಸ್ಪ್ರಿಂಗೂ ಒಂದೇ ಸ್ಟ್ರಟ್ಟಾಗಿ ಕೂಡಿಕೊಂಡಿದ್ದು, ಕಾರಿನ ಭಾರವನ್ನು ಹೊತ್ತ ಆ ಸ್ಪ್ರಿಂಗು ಸದಾ ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ. ತಕ್ಕ ಉಪಕರಣದಿಂದ ಅದನ್ನು ಬಿಗಿಹಿಡಿಯದೆ ಮೇಲಿನ ನಟ್ಟನ್ನು ಸಡಿಲಿಸಿದರೆ ಅದು ಬಾಣದಂತೆ ಚಿಮ್ಮುತ್ತದೆ. “ಬ್ಯಾಡಪ್ಪಾ, ಅದು ಜಿಗದ್ರ ಕೈಯಷ್ಟಽ ಅಲ್ಲ, ಜೀವಾನೂ ಹೋಗ್ತದ” ಎಂದೆನು. ವಿಜಯಪುರದಲ್ಲಿ ಉಪಕರಣವುಳ್ಳ ಕಸುಬುದಾರರಿಂದಲೇ ಆ ಕೆಲಸ ಮಾಡಿಸಿ, ಕೂಲಿ 1,200, ಗಾಲಿಗಳ ಅಲೈನ್‌ಮೆಂಟಿಗೆ 400 ಕೊಟ್ಟೆವು. ಸಂತೋಷದಿಂದ ಕೊಡತಕ್ಕ ಹಣವದು.

ಹಳೆಯ ಕಾರನ್ನು ಇಟ್ಟುಕೊಳ್ಳುವವರು ಓಡಿಸದಿದ್ದರೂ ತಗಲುವ ಖರ್ಚನ್ನು ಮೊದಲೇ ತಿಳಿದಿರಬೇಕು. ಕಟ್ಟಿಹಾಕಿದ ಎತ್ತೂ ಮೇವು ತಿನ್ನುವುದಷ್ಟೆ. 1,089 ಸಿ.ಸಿ.ಯ ಪದ್ಮಿನಿಗೆ, 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ, ಥರ್ಡ್ ಪಾರ್ಟಿ ವಿಮೆಯೇ ವರ್ಷಕ್ಕೆ 3,416 ರೂಪಾಯಿ, ತೆರಿಗೆ ಬೇರೆ. ಐದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣವಾಗಬೇಕು. 20 ವರ್ಷ ಮೀರಿದ ಕಾರುಗಳಿಗೆ ಅದರ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಲಾಯಿತು. 2021ರ ನಿಯಮದಂತೆ ವಿಂಟೇಜ್ ಎಂಬ ಮಾನ್ಯತೆ 50 ವರ್ಷ ತುಂಬಿದ ವಾಹನಗಳಿಗೆ ಮಾತ್ರ. ನಮ್ಮದಕ್ಕೆ 2036ರವರೆಗೆ ಆ ಯೋಗವಿಲ್ಲ. ನಾನು ಅಂಚೆ ಕಛೇರಿಯಲ್ಲಿ ತಿಂಗಳಿಗೆ 150 ರೂಪಾಯಿಯ ಐದು ವರ್ಷದ ಆರ್.ಡಿ. ತೆರೆದಿದ್ದೇನೆ, ಶೇಕಡಾ 6.7ರ ಬಡ್ಡಿಯಲ್ಲಿ ಅದು ಅವಧಿಯ ಅಂತ್ಯಕ್ಕೆ ಸುಮಾರು 10,700 ಆಗುವುದರಿಂದ ನವೀಕರಣದ ಶುಲ್ಕವು ಒಮ್ಮೆಲೇ ತಲೆಯ ಮೇಲೆ ಬೀಳದು.

ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಕಾಲವು ನಮಗೆ ಅನುಕೂಲವಾಗಿಲ್ಲ. ಈ ಕಾರನ್ನು ತಯಾರಿಸಿದ ಸಂಸ್ಥೆಯನ್ನು ಕಟ್ಟಿದ ವಾಲಚಂದ ಹೀರಾಚಂದರು ನಮ್ಮ ನೆರೆಯ ಸೊಲ್ಲಾಪುರದಲ್ಲಿಯೇ ಜನಿಸಿದವರು. ನನ್ನ ಎರಡು ಶಾಕಪ್‌ಗಳೂ ಅದೇ ಊರಿನ ಅಂಗಡಿಯಿಂದ ಬಂದವು. ಆದರೆ 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯು ರಸ್ತೆಯಿಂದ ನಿವೃತ್ತವಾಯಿತು. ಸಾವಿರಾರು ಟ್ಯಾಕ್ಸಿಗಳಿಗಾಗಿ ತುಂಬುತ್ತಿದ್ದ ಅಂಗಡಿಗಳ ಕಪಾಟುಗಳು ಇನ್ನು ಬರಿದಾಗುತ್ತ ಹೋಗುವುದು ಸಹಜ. ಆದುದರಿಂದ ಸಿಕ್ಕಾಗ ಕೊಳ್ಳಿರಿ, ಆದರೆ ರಸೀದಿಯಿಲ್ಲದೆ ಕೊಳ್ಳಬೇಡಿರಿ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಏಕರೂಪವಾಗಿ ಶೇಕಡಾ 18ಕ್ಕೆ ಇಳಿದಿರುವಾಗ, ತೆರಿಗೆ ತಪ್ಪಿಸುವ ಆಸೆಗೆ ರಸೀದಿಯನ್ನು ಬಿಟ್ಟುಕೊಟ್ಟರೆ, ಶಾಕಪ್ ಮೂರು ತಿಂಗಳಲ್ಲಿ ಸೋರಿದಾಗ ಅಂಗಡಿಕಾರನೆದುರು ನಿಮ್ಮ ಕೈ ಬರಿದಾಗಿರುತ್ತದೆ.

ಈಗ ಪ್ರತಿ ಅಮಾವಾಸ್ಯೆಯ ದಿನ ಕಾರು ತೊಳೆದ ಮೇಲೆ, ಕಾಯಿ ಒಡೆಯುವುದಕ್ಕೆ ಮುಂಚೆ, ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿ ನಾಲ್ಕು ಟೈರುಗಳ ಮೇಲೂ ಅಂಗೈ ಸವರುತ್ತೇನೆ. ಮೊನ್ನೆಯ ಅಮಾವಾಸ್ಯೆಗೆ ಬಲಮುಂದಿನ ಮೂಲೆಯು ಎರಡು ಸಲ ತೂಗಿತು. ಮುಂದಿನ ಜೋಡಿಗೆಂದು 2,400 ರೂಪಾಯಿಯನ್ನು ಬೇರೆಯಾಗಿ ತೆಗೆದಿಟ್ಟು, ಸೊಲ್ಲಾಪುರದ ಅಂಗಡಿಗೆ ಹೇಳಿ ಕಳುಹಿಸಿದ್ದೇನೆ.