ಅಕ್ಷರದಿಂದ ಅರ್ಥಕ್ಕೆ

ವಿಜಯದಶಮಿಯಂದು ಕೊಲ್ಲೂರಿನ ಶ್ರೀ ಮೂಕಾಂಬಿಕೆಯ ಸನ್ನಿಧಿಯಲ್ಲಿ ಎಳೆಯ ಮಕ್ಕಳಿಗೆ ಅಕ್ಷರಾಭ್ಯಾಸವಾಗುತ್ತದೆ. ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಮೊದಲಕ್ಷರವನ್ನು ತಿದ್ದಿಸುವರು. ವೀರಶೈವರಾದ ಕೆಳದಿಯ ಅರಸರೂ ಭಕ್ತಿಯಿಂದ ನಡೆದುಕೊಂಡ ಕ್ಷೇತ್ರವಿದು. ಅಲ್ಲಿಂದ ಘಟ್ಟವನ್ನೇರಿದರೆ ದೊರೆಯುವ ಶಿವಮೊಗ್ಗ ಜಿಲ್ಲೆಯಲ್ಲಿಯೇ ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಮಪ್ರಭುಗಳ ಬಳ್ಳಿಗಾವೆಯೂ ಇವೆ. ಅಕ್ಷರ ಕಲಿತ ಮಗು ಮುಂದೊಂದು ದಿನ ಆ ಶರಣರ ವಚನವನ್ನೋದಿ, “ಇದರ ಅರ್ಥವೇನು?” ಎಂದು ಕೇಳಿದರೆ ಮನೆಯ ಹಿರಿಯರು ಏನೆಂದು ಉತ್ತರಿಸಬೇಕು?

1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ತಾಳೆಗರಿಯಲ್ಲಿದ್ದ ವಚನಗಳು ಹೀಗೆ ಅಚ್ಚಾಗಿ ಮನೆಮನೆಯ ಓದಿಗೆ ಒದಗಿದವು. ಪುಸ್ತಕವೇನೋ ದೊರೆಯಿತು, ಓದುವ ಕ್ರಮವನ್ನು ನಾವೇ ಕಲಿಯಬೇಕು. ಅದಕ್ಕೆ ಐದು ಮಾತುಗಳ ಪರಿಚಯವಿದ್ದರೆ ಸಾಕು.

ಮೊದಲನೆಯದು ಅಂಕಿತ. ಸಾಮಾನ್ಯವಾಗಿ ವಚನದ ಕೊನೆಯಲ್ಲಿ ಬರುವ ದೈವನಾಮವಿದು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಪ್ರಭುದೇವರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಶರಣರು ತಮ್ಮ ಹೆಸರಿಡಬೇಕಾದೆಡೆಯಲ್ಲಿ ದೇವರ ಹೆಸರನ್ನಿಟ್ಟರು.

ಎರಡನೆಯದು ಹೋಲಿಕೆ. “ಭಕ್ತನ ಮನಸ್ಸು ಸೌಪರ್ಣಿಕೆಯಂತೆ” ಎಂದರೆ ಉಪಮೆ; “ಭಕ್ತನ ಮನಸ್ಸೇ ಸೌಪರ್ಣಿಕೆ” ಎಂದರೆ ರೂಪಕ. ಎರಡರಲ್ಲಿಯೂ ಕೇಳಬೇಕಾದ ಪ್ರಶ್ನೆಯೊಂದೇ: ಹೋಲಿಕೆಗೆ ಕಾರಣವಾದ ಗುಣ ಯಾವುದು? ತಿಳಿತನವೋ, ನಿಲ್ಲದ ಹರಿವೋ?

ಮೂರನೆಯದು ಪಾರಿಭಾಷಿಕ ಶಬ್ದ. ‘ಜಂಗಮ’ವೆಂದರೆ ಚಲಿಸುವುದು ಎಂದಷ್ಟೇ ನಿಘಂಟು ಹೇಳೀತು. ವಚನದಲ್ಲಿ ಅದು ಅರಿವುಳ್ಳ ಸಂಚಾರಿ ಶರಣನೂ ಹೌದು, ಚೈತನ್ಯವೂ ಹೌದು. ಯಾವ ಅರ್ಥ ಸಲ್ಲುವುದೆಂಬುದನ್ನು ಹಿಂದುಮುಂದಿನ ಮಾತುಗಳಿಂದ ತಿಳಿಯಬೇಕು.

ನಾಲ್ಕನೆಯದು ಬೆಡಗು. ಒಗಟಿನಂತೆ ಕಾಣುವ ವಚನವಿದು, ಅಲ್ಲಮಪ್ರಭುಗಳಲ್ಲಿ ಹೇರಳ. ಅಸಂಬದ್ಧವೆಂದು ಬಿಡಲಾಗದು, ಮನಬಂದಂತೆ ಅರ್ಥ ಕಟ್ಟಲೂ ಆಗದು. ಹಿಂದಿನವರು ಇಂಥವಕ್ಕೆ ಟೀಕುಗಳನ್ನೇ ಬರೆದಿರುವರು.

ಐದನೆಯದೇ ಬಹು ಮುಖ್ಯವಾದುದು: ವಕ್ತೃ. ಇಲ್ಲಿ ನುಡಿಯುತ್ತಿರುವವರು ಯಾರು, ಯಾರಿಗೆ? ಉರಿಲಿಂಗದೇವನು ಪುರುಷನಾಗಿದ್ದೂ ಲಿಂಗಪತಿಯ ಸತಿಯಾಗಿ ನುಡಿಯುವನು. ಇದನ್ನರಿಯದವನು ವಚನವನ್ನು ಲೌಕಿಕ ಪ್ರಣಯವೆಂದು ತಿಳಿದಾನು. ಬಸವಣ್ಣನವರು ಎಷ್ಟೋ ವಚನಗಳಲ್ಲಿ ತಮ್ಮ ಮನಸ್ಸನ್ನೇ ಹಳಿದುಕೊಂಡಿರುವರು. ನಾವಾದರೋ ಆ ಬೈಗುಳನ್ನು ನೆರೆಮನೆಯವನಿಗೆ ಅನ್ವಯಿಸಿ ಸಂತೋಷಪಡುವೆವು! ವಕ್ತೃವನ್ನು ತಪ್ಪಾಗಿ ತಿಳಿದಲ್ಲಿ ಆತ್ಮಪರೀಕ್ಷೆಯ ವಚನವು ಪರನಿಂದೆಯ ಸಾಧನವಾಗುತ್ತದೆ. ವ್ಯಾಕರಣದ ಸಣ್ಣ ಪ್ರಶ್ನೆಯೊಂದು ಆಚಾರದ ದೊಡ್ಡ ಪ್ರಶ್ನೆಯಾಗುವುದು ಇಲ್ಲಿಯೇ.

ಆದುದರಿಂದ ಸಂಜೆಯ ಪೂಜೆಯ ಬಳಿಕ ಮಕ್ಕಳೊಡನೆ ಒಂದೇ ವಚನವನ್ನು ಓದಿರಿ. ಮೊದಲು ಪದಾರ್ಥ, ಬಳಿಕ ವಾಕ್ಯಾರ್ಥ, ಕಡೆಗೆ ಭಾವಾರ್ಥ. ಹತ್ತು ವಚನಗಳನ್ನು ಬಾಯಿಪಾಠ ಒಪ್ಪಿಸುವ ಮಗುವಿಗಿಂತ, ಒಂದನ್ನೋದಿ “ಇದು ನನಗೆ ಹೇಳಿದ ಮಾತೇ?” ಎಂದು ಕೇಳುವ ಮಗು ಶರಣರಿಗೆ ಹತ್ತಿರದ್ದು.